ಹೊಳೆ ಇಲ್ಲದ ಊರಿನಲ್ಲಿ ತಿಪ್ಪಕ್ಕ

ತಿಪ್ಪಕ್ಕನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಕಂಪ್ಲಿಯಲ್ಲಿ ಹೊಳೆ ಕಡೆಯ ಓಣಿಗಳೇ ಹಾಗೆ, ಒಂದು ಮನೆಯ ಬೆನ್ನಿಗೆ ಇನ್ನೊಂದು ಮನೆ ಒರಗಿಕೊಂಡಿರುತ್ತದೆ. ಬೆಳಿಗ್ಗೆ ನಾನು ಒಲೆ ಮುಂದೆ ಕೂತು ರೊಟ್ಟಿ ಬಡಿಯುವ ಹೊತ್ತಿಗೆ ಗೋಡೆಯ ಆಚೆ ಅವಳು ಯಾರದೋ ಮನೆಯ ಕೂಸಿಗೆ ಎರೆಯುತ್ತಿರುತ್ತಿದ್ದಳು. ಎರಡೂ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು, ಮೊದಲು ಎಣ್ಣೆ ತಿಕ್ಕುವುದು. ಆಮೇಲೆ ತಂಬಿಗೆ ಹಂಡೆಗೆ ತಾಗುವ ಸಪ್ಪಳ. ಆಮೇಲೆ ಕೂಸಿನ ಅಳು. ಅಳು ಏರುತ್ತಾ ಏರುತ್ತಾ ಹೋಗಿ ಒಮ್ಮೆಲೇ ನಿಂತರೆ ಲೋಬಾನದ ಹೊಗೆ ಹಾಕಿ ಬಟ್ಟೆಯಲ್ಲಿ ಸುತ್ತಿದಳು ಎಂದು ಅರ್ಥ. ಆ ಹೊಗೆಯ ವಾಸನೆ ಗೋಡೆ ದಾಟಿ ನಮ್ಮ ಹೆಂಚಿನ ತನಕ ಬರುತ್ತಿತ್ತು. ನನ್ನ ಮೂರೂ ಮಕ್ಕಳು ಅವಳ ಕಾಲ ಮೇಲೆಯೇ ಮಿಂದು ಬೆಳೆದವರು.

ಅವಳ ಗಂಡ ಗವಿಸಿದ್ದಪ್ಪ ಹರಿಗೋಲು ಹಾಕುತ್ತಿದ್ದ. ಹೊಳೆಯ ಆಚೆ ಗದ್ದೆಗೆ ಹೋಗುವ ಕೂಲಿಯವರು, ಬೀಗರ ಊರಿಗೆ ಹೊರಟವರು, ಒಮ್ಮೊಮ್ಮೆ ಆಡುಮರಿಗಳು, ಎಲ್ಲರನ್ನೂ ಆ ಬಿದಿರಿನ ಬುಟ್ಟಿಯಲ್ಲಿ ಕೂರಿಸಿ ದಾಟಿಸುತ್ತಿದ್ದ. ಹೊಳೆ ತುಂಬಿ ಬಂದಾಗ ಹರಿಗೋಲನ್ನು ಮನೆ ಮುಂದೆ ಮಗುಚಿ ಹಾಕಿ ತಳಕ್ಕೆ ಡಾಂಬರು ಬಳಿಯುತ್ತಿದ್ದ. ತಮಗೆ ಮಕ್ಕಳಾಗಲಿಲ್ಲ ಎನ್ನುವುದನ್ನು ಗಂಡ ಹೆಂಡತಿ ಇಬ್ಬರೂ ಬಾಯಿ ಬಿಟ್ಟು ಆಡಿದ್ದನ್ನು ನಾನು ಕೇಳಿಲ್ಲ. ಓಣಿಯ ಮಕ್ಕಳೆಲ್ಲ ಆ ಮಗುಚಿದ ಹರಿಗೋಲಿನ ಮೇಲೆ ಹತ್ತಿ ಇಳಿದು ಚಡ್ಡಿಗೆ ಡಾಂಬರು ಹತ್ತಿಸಿಕೊಂಡು ಮನೆಗೆ ಹೋಗಿ ಬೈಸಿಕೊಳ್ಳುತ್ತಿದ್ದವು.

ಪಂಚಮಿ ಹಬ್ಬದ ದಿನ ಅವಳ ಕಟ್ಟೆಯ ಮೇಲೆ ಜಾತ್ರೆ ಇದ್ದ ಹಾಗೆ. ನಮ್ಮ ಓಣಿಯಲ್ಲಿ ಮಕ್ಕಳಿಗೆ ಆವತ್ತು ಹೊಸ ಉಡದಾರ ಕಟ್ಟುತ್ತಾರೆ. ತಿಪ್ಪಕ್ಕ ಕರಿದಾರವನ್ನು ತೊಡೆಯ ಮೇಲೆ ಹೊಸೆದು ಹೊಸೆದು ಇಡುವಳು. ಮೊದಲು ಹೊಸದನ್ನು ಕಟ್ಟಬೇಕು, ಆಮೇಲೆ ಹಳೆಯದನ್ನು ಬಿಡಿಸಬೇಕು. ಕೂಸಿನ ಸೊಂಟ ಬರಿದಾಗಿ ಒಂದು ಗಳಿಗೆಯೂ ಇರಬಾರದು. ಉಡದಾರ ಇಲ್ಲದ ಸೊಂಟ ಸತ್ತವರದು ಎನ್ನುತ್ತಾರೆ. ತೆಗೆದ ದಾರವನ್ನು ಕಾಲ ಕೆಳಗೆ ಬೀಳಗೊಡುತ್ತಿರಲಿಲ್ಲ. ಎಲ್ಲವನ್ನೂ ಒಂದು ಮೊರದಲ್ಲಿ ಕೂಡಿಸಿ ಗವಿಸಿದ್ದಪ್ಪನ ಕೈಗೆ ಕೊಟ್ಟರೆ ಅವನು ಹರಿಗೋಲಿನಲ್ಲಿ ನಡುಹೊಳೆಯ ತನಕ ಹೋಗಿ ಬಿಟ್ಟು ಬರುತ್ತಿದ್ದ. ನಾವು ದಂಡೆಯ ಮೇಲೆ ನಿಂತು ನೋಡುತ್ತಿದ್ದೆವು. ಅಷ್ಟು ದೂರದಿಂದ ದಾರ ಕಾಣುತ್ತದೆಯೇ? ಆದರೂ ನಿಂತಿರುತ್ತಿದ್ದೆವು.

ಗವಿಸಿದ್ದಪ್ಪ ಜ್ವರ ಬಂದು ಹೋದ. ಅವನ ಹರಿಗೋಲು ಮನೆ ಮುಂದೆಯೇ ಬಿಸಿಲಿಗೆ ಮಳೆಗೆ ಸಡಿಲಾಯಿತು. ಅದನ್ನು ಯಾರಿಗಾದರೂ ಕೊಡು ಎಂದರೆ ತಿಪ್ಪಕ್ಕ ಕೊಡಲಿಲ್ಲ. ಅದರ ಬಿದಿರಿನ ದಬ್ಬೆಗಳನ್ನು ಒಂದೊಂದಾಗಿ ಬಿಡಿಸಿ, ಡಾಂಬರು ಹತ್ತಿದ್ದನ್ನು ಬಿಟ್ಟು, ಉಳಿದದ್ದನ್ನು ಹಂಡೆಯ ಕೆಳಗೆ ಉರಿ ಹಾಕಿದಳು. ಒಂದು ವರ್ಷ ಓಣಿಯ ಕೂಸುಗಳೆಲ್ಲ ಆ ಹರಿಗೋಲಿನ ಉರಿಯಲ್ಲಿ ಕಾದ ನೀರಿನಲ್ಲೇ ಮಿಂದವು.

ಬರಬರುತ್ತಾ ಎರೆಯಲು ಕೂಸು ತರುವವರು ಕಡಿಮೆಯಾದರು. ಹೆರಿಗೆ ಆಸ್ಪತ್ರೆಯಲ್ಲಿ, ಬಚ್ಚಲಲ್ಲಿ ಗೀಸರು, ಕೂಸಿಗೆ ಬಾಟಲಿಯ ಸೋಪು. ತಾಯಂದಿರು ತಾವೇ ಮೀಸುವುದನ್ನು ಕಲಿತರು, ಅದರಲ್ಲಿ ತಪ್ಪೇನೂ ಇಲ್ಲ. ತಿಪ್ಪಕ್ಕ ಹಂಡೆಯನ್ನು ಬೋರಲು ಹಾಕಿಟ್ಟಳು. ಗೋಡೆಯ ಆಚೆ ಸಪ್ಪಳವಿಲ್ಲದೆ ನನಗೆ ರೊಟ್ಟಿ ಬಡಿಯುವುದೇ ಬೇಸರವಾಗುತ್ತಿತ್ತು.

ಅಂಥ ದಿನಗಳಲ್ಲಿ ನನ್ನ ತಂಗಿಯ ಮೊಮ್ಮಗಳು ಶಿಲ್ಪಶ್ರೀ ಹೊಸಪೇಟೆಯಿಂದ ನಮ್ಮ ಮನೆಗೆ ಬಂದಳು. ಓದಿದ ಹುಡುಗಿ. ಗೆಳತಿಯರ ಜೊತೆ ಸೇರಿ ಕುರೆಕುಪ್ಪದಲ್ಲಿ ಮಕ್ಕಳ ಮನೆ ನಡೆಸುತ್ತಿದ್ದಳು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಡೆ ಗುತ್ತಿಗೆ ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ತಮ್ಮ ಎಳೆಗೂಸುಗಳನ್ನು ಹಗಲು ಹೊತ್ತು ಅಲ್ಲಿ ಬಿಟ್ಟು ಹೋಗುತ್ತಾರೆ. ಕೂಸುಗಳನ್ನು ಎತ್ತಿ ಆಡಿಸುವ ಹಿರಿಯರು ಯಾರಾದರೂ ಬೇಕು, ಸಂಬಳ ಕೊಡಲು ಆಗುವುದಿಲ್ಲ, ಇರಲು ರೂಮು ಮತ್ತು ಊಟ, ವಾಲಂಟಿಯರ್ ಆಗಿ ಬರುವವರಿದ್ದರೆ ಹೇಳು ಎಂದು ನನ್ನನ್ನು ಕೇಳಿದಳು. ಗೋಡೆಯ ಆಚೆಯಿಂದ ತಿಪ್ಪಕ್ಕನ ದನಿ ಬಂತು.

"ಹಂಗಂದ್ರ ಏನವ್ವಾ ಅದು?"

ಶಿಲ್ಪಶ್ರೀ ನಕ್ಕು, ಯಾರೂ ಕರೆಯದಿದ್ದರೂ ತಾವಾಗಿಯೇ ಬಂದು ಕೆಲಸಕ್ಕೆ ಕೈ ಹಚ್ಚುವವರು ಎಂದು ಗೋಡೆಗೇ ಹೇಳಿದಳು.

"ಹಂಗಾರ ನಾ ಮೊದಲಿಂದ ಅದ ಆಗೀನಿ. ಯಾವಾಗ ಹೋಗೂದು?"

ಓಣಿಯವರು ಸುಮ್ಮನೆ ಬಿಟ್ಟಾರೆಯೇ? ಎದುರು ಮನೆಯ ಭರಮಮ್ಮ ಕಟ್ಟೆಯ ಮೇಲೆ ಕೂತು, "ಈ ವಯಸ್ಸಿನಾಗ ನೌಕರಿ ಹಿಡದಿ, ಪೆನ್ಶನ್ನೂ ಕೊಡ್ತಾರಂತೇನು?" ಎಂದು ಕೆಣಕಿದಳು. ತಿಪ್ಪಕ್ಕ ಬಟ್ಟೆಯ ಗಂಟು ಕಟ್ಟುತ್ತಲೇ, "ನೀನೂ ಬಾ. ಕೂಸುಗಳ ಬಾಯಿ ತೊಳಿಯೂದೈತಿ, ಅದರ ಜೊತಿಗೆ ನಿನ್ನ ಬಾಯಿನೂ ತೊಳದುಬಿಡ್ತೀನಿ" ಎಂದಳು. ಭರಮಮ್ಮನೇ ಮೊದಲು ನಕ್ಕಳು.

ಅವಳನ್ನು ಬಿಟ್ಟು ಬರಲು ನಾನೂ ಹೋದೆ. ತಾಮ್ರದ ಹಂಡೆಯನ್ನು ಅವಳು ಬಿಡಲೊಲ್ಲಳು. ಕಂಪ್ಲಿಯಲ್ಲಿ ಬಸ್ಸು ಹತ್ತುವಾಗ ಕಂಡಕ್ಟರ್ ತಕರಾರು ತೆಗೆದ. ಹೆಂಗಸರಿಗೆ ಟಿಕೀಟು ಇಲ್ಲ, ಹಂಡೆಗೆ ಐತಿ ಎಂದ. "ಹಂಡೆನೂ ಹೆಣ್ಣ ಐತಿ ತಗಳಪ್ಪ, ಬೇಕಾದ್ರ ಅದಕ್ಕೂ ಸೀರಿ ಉಡಸ್ತೀನಿ" ಎಂದು ತಿಪ್ಪಕ್ಕ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೇಬಿಟ್ಟಳು. ಬಸ್ಸಿನವರೆಲ್ಲ ನಕ್ಕರು. ಕಂಡಕ್ಟರ್ ಮುಂದೆ ಹೋದ.

ಹೊಸಪೇಟೆಯಲ್ಲಿ ಬಸ್ಸು ಬದಲಿಸಿ ಕುರೆಕುಪ್ಪ ಸೇರುವಾಗ ಇಳಿಹೊತ್ತು. ಮಕ್ಕಳ ಮನೆಯ ಹಿಂದೆ ತಗಡು ಹೊದಿಸಿದ ಒಂದು ಕೋಣೆ. ಸಂಡೂರಿನ ಕಡೆಯಿಂದ ಅದಿರು ಹೊತ್ತು ಬರುವ ಲಾರಿಗಳ ಧೂಳು ಕಿಟಕಿಯ ಮೇಲೆ, ಬಾಗಿಲ ಮೇಲೆ, ಬೇವಿನ ಎಲೆಯ ಮೇಲೆ. ಬಿಳಿ ಗೋಡೆ ಹುರಮಂಜಿನ ಕೆಂಪು ಬಣ್ಣಕ್ಕೆ ತಿರುಗಿತ್ತು. ನೀರು ಟ್ಯಾಂಕರಿನದು. ಅದೂ ಬೋರಿನ ನೀರು, ಬಾಯಿಗೆ ಉಪ್ಪುಪ್ಪು, ಕೈಗೆ ಜಿಡ್ಡು ಜಿಡ್ಡು. ಪಾಳಿ ಬದಲಾಗುವಾಗ ಕಂಪನಿ ಬಸ್ಸುಗಳ ಹಾರನ್ನು. ತಿಪ್ಪಕ್ಕ ಕೋಣೆಯ ಮಧ್ಯೆ ನಿಂತು ಸ್ವಲ್ಪ ಹೊತ್ತು ಏನನ್ನೋ ಕೇಳಿಸಿಕೊಳ್ಳುವವಳಂತೆ ಇದ್ದಳು. ನನಗೆ ಗೊತ್ತಾಯಿತು. ನಮ್ಮ ಓಣಿಯಲ್ಲಿ ಬೇರೆಲ್ಲ ಸದ್ದು ನಿಂತ ಮೇಲೂ ಹೊಳೆಯದೊಂದು ಸದ್ದು ಉಳಿದಿರುತ್ತದೆ. ಇಲ್ಲಿ ಅದು ಇರಲಿಲ್ಲ.

"ಹೊಳಿ ಯಾವ ದಿಕ್ಕಿಗೈತವ್ವ?" ಎಂದು ಶಿಲ್ಪಶ್ರೀಯನ್ನು ಕೇಳಿದಳು. ಹುಡುಗಿ ಮೊಬೈಲು ತೆಗೆದು ನೋಡಿ, ಕೈ ಮಾಡಿ ತೋರಿಸಿದಳು. ತಿಪ್ಪಕ್ಕ ಆ ಗೋಡೆಯ ಬುಡದಲ್ಲಿ ಹಂಡೆ ಇಟ್ಟು, ಆ ದಿಕ್ಕಿಗೆ ತಲೆ ಬರುವಂತೆ ಚಾಪೆ ಹಾಸಿಕೊಂಡಳು.

ಅವಳು ಅಲ್ಲಿ ಕುದುರಿಕೊಂಡ ಬಗೆ ನನಗೆ ಫೋನಿನಲ್ಲಿ ಸ್ವಲ್ಪ, ಶಿಲ್ಪಶ್ರೀಯ ಬಾಯಲ್ಲಿ ಸ್ವಲ್ಪ ತಿಳಿಯಿತು. ಮೊದಲ ವಾರ ಜಗಳವೇ ಆಯಿತಂತೆ. ಕೂಸಿನ ಕಿವಿಗೆ ಮೂಗಿಗೆ ಎಣ್ಣೆ ಬಿಡಬಾರದು, ಡಾಕ್ಟರು ಹೇಳಿದ್ದಾರೆ ಎಂದು ಶಿಲ್ಪಶ್ರೀ. ನಾನು ಎರೆದ ಕೂಸುಗಳು ಈಗ ಟ್ರ್ಯಾಕ್ಟರ್ ಓಡಿಸುತ್ತಿವೆ ಎಂದು ತಿಪ್ಪಕ್ಕ. ಒಂದು ದಿನ ಮುಖ ಊದಿಸಿಕೊಂಡಿದ್ದು, ಮರುದಿನ ಎಣ್ಣೆ ಬಿಡುವುದನ್ನು ಬಿಟ್ಟಳು. ಹೊಗೆಯನ್ನೂ ಬಿಟ್ಟಳು. ಓದಿದವರು ಹೇಳುವುದರಲ್ಲಿ ಏನೋ ಇರುತ್ತದೆ ಎಂದು ನನಗೆ ಹೇಳಿದಳು. ಆದರೆ ಕೈ ಅವಳದೇ, ಹಂಡೆ ಅವಳದೇ. ಸೀರೆಯ ಜೋಳಿಗೆಗಳಲ್ಲಿ ಕಿರಿಚಿಕೊಳ್ಳುತ್ತಿದ್ದ ಕೂಸುಗಳು ಅವಳ ಕಾಲ ಮೇಲೆ ಮಲಗಿ ಬಿಸಿನೀರು ಬಿದ್ದ ಮೇಲೆ ಕಣ್ಣು ಮುಚ್ಚುತ್ತಿದ್ದವು. ಕೆಲಸದಿಂದ ಬಂದ ತಾಯಂದಿರು ಮಕ್ಕಳ ತಲೆ ಮೂಸಿ ನೋಡಿ ನಗುತ್ತಿದ್ದರಂತೆ. ಕಂಪ್ಲಿಗೆ ಯಾವಾಗ ಬರುತ್ತೀ ಎಂದು ನಾನು ಕೇಳಿದರೆ, ಪುರಸೊತ್ತು ಎಲ್ಲೈತಿ ಎನ್ನುತ್ತಿದ್ದಳು. ಆ ಮಾತು ಕೇಳಲು ಎಷ್ಟು ಹಿತವಾಗಿತ್ತೋ ಅಷ್ಟೇ ಸಂಕಟವೂ ಆಗುತ್ತಿತ್ತು.

ಪಂಚಮಿಗೆ ನಾನೇ ಹೊರಟೆ. ಹಬ್ಬದ ತಿಂಡಿ ಅಳ್ಳಿಟ್ಟು, ಶೇಂಗಾ ಉಂಡಿ ಕಟ್ಟಿಕೊಂಡು ಮಧ್ಯಾಹ್ನದ ಹೊತ್ತಿಗೆ ಮಕ್ಕಳ ಮನೆಗೆ ಹೋದೆ. ತಿಪ್ಪಕ್ಕನ ಕೋಣೆ ಗುರುತೇ ಸಿಗದಂತಾಗಿತ್ತು. ನೆಲ ಸಾರಿಸಿದ್ದಳು, ಬಾಗಿಲ ಮುಂದೆ ರಂಗೋಲಿ, ಹಂಡೆಗೆ ಮೂರು ಕಲ್ಲಿನ ಒಲೆ. ಎಲ್ಲಾ ಕೂಸುಗಳಿಗೂ ಹೊಸ ಉಡದಾರ ಕಟ್ಟೀನಿ ಎಂದು ಹೆಮ್ಮೆಯಿಂದ ಹೇಳಿದಳು. ಒಂದು ಕೂಸಿನ ಹಳೆಯ ದಾರವಂತೂ ಸೊಂಟಕ್ಕೆ ಕೊರೆದು ಬಾಸುಂಡೆ ಎದ್ದಿತ್ತಂತೆ, ಕತ್ತರಿಸಿಯೇ ತೆಗೆಯಬೇಕಾಯಿತಂತೆ.

ಆ ಕೂಸು ದುರ್ಗಾ ಎಂಬವಳದು. ಆದೋನಿ ಕಡೆಯ ಹೆಣ್ಣುಮಗಳು, ಕಟ್ಟಡದ ಕೆಲಸಕ್ಕೆ ಗಂಡನ ಜೊತೆ ಬಂದವಳು. ಸಂಜೆ ತಲೆಗೆ ಸುತ್ತಿದ ಬಟ್ಟೆಯಲ್ಲಿ ಸಿಮೆಂಟಿನ ಧೂಳು ಹೊತ್ತುಕೊಂಡೇ ಬಂದಳು. ಕೂಸನ್ನು ಎತ್ತಿ ಮೈ ಸವರಿದಳು. ಸೊಂಟದ ಹತ್ತಿರ ಅವಳ ಕೈ ನಿಂತಿತು. ಅಂಗಿ ಸರಿಸಿ ನೋಡಿದಳು. ಇದನ್ನು ಯಾರು ಕಟ್ಟಿದ್ದು ಎಂದು ಕೇಳಿದಳು. ತಿಪ್ಪಕ್ಕ ನಗುತ್ತಾ ಮುಂದೆ ಬರುವಷ್ಟರಲ್ಲಿ ಶಿಲ್ಪಶ್ರೀಯೇ, ಹಬ್ಬ ಅಲ್ಲವೇ, ಹಳೆಯದನ್ನು ಕತ್ತರಿಸಿ ಹೊಸದು ಕಟ್ಟಿದ್ದಾರೆ ಎಂದಳು.

ದುರ್ಗಾಳ ಮುಖ ಬಿಳಿಚಿಕೊಂಡಿತು.

"ನನ್ನ ಕೂಸಿನ ದಾರಕ್ಕ ಕತ್ತರಿ ಇಡಾಕ ನೀ ಯಾರು?" ಎಂದಳು ತಿಪ್ಪಕ್ಕನಿಗೆ. "ಸತ್ತೋರ ದಾರ ಕತ್ತರಿಸ್ತಾರ. ನನ್ನ ಕೂಸು ಸತ್ತೈತೇನು?"

ಹೊಸದನ್ನು ಕಟ್ಟಿದ ಮೇಲೆಯೇ ತೆಗೆದದ್ದು ಎಂದು ತಿಪ್ಪಕ್ಕ ಹೇಳಹೊರಟಳು. ಕೇಳಲು ದುರ್ಗಾ ಅಲ್ಲಿ ನಿಲ್ಲಲಿಲ್ಲ. ಶಿಲ್ಪಶ್ರೀ ಅವಳ ಹಿಂದೆ ಓಡಿದಳು. ಉಳಿದ ತಾಯಂದಿರು ತಮ್ಮ ತಮ್ಮ ಕೂಸುಗಳ ಸೊಂಟ ಮುಟ್ಟಿ ನೋಡಿಕೊಂಡು, ಒಬ್ಬರ ಮುಖ ಒಬ್ಬರು ನೋಡಿ, ಹೊರಟು ಹೋದರು. ನಾನು ತಂದ ಉಂಡಿಯ ಡಬ್ಬಿಯನ್ನು ಯಾರೂ ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ಹಂಡೆಯ ನೀರು ಕಾದು, ಆರಿ, ತಣ್ಣಗಾಯಿತು. ಒಂದು ಕೂಸೂ ಬರಲಿಲ್ಲ. ಗೊತ್ತಿಲ್ಲದ ಮುದುಕಿ ದಾರ ಕಟ್ಟಿದ್ದಾಳೆ, ಏನು ಮಾಡಿಸಿದ್ದಾಳೋ ಎಂದು ಕೂಲಿಯವರ ಶೆಡ್ಡುಗಳಲ್ಲಿ ಮಾತು ಹಬ್ಬಿತ್ತು. ಮಕ್ಕಳು ಬರದಿದ್ದರೆ ಆ ಮನೆಯನ್ನು ಮುಚ್ಚಬೇಕು, ತಾಯಂದಿರು ಕೂಸುಗಳನ್ನು ಮತ್ತೆ ಕೆಲಸದ ಜಾಗದ ಮರಳ ಗುಡ್ಡೆಯ ಮೇಲೆ ಮಲಗಿಸಬೇಕು. ಶಿಲ್ಪಶ್ರೀ ಬಾಗಿಲ ಚೌಕಟ್ಟು ಹಿಡಿದು ನಿಂತು ಬಹಳ ಹೊತ್ತು ಪರದಾಡಿದಳು.

"ಅಜ್ಜಿ, ಸ್ವಲ್ಪ ದಿವ್ಸ ಕಂಪ್ಲಿಗೆ ಹೋಗಿ ಇದ್ದು ಬರ್ರಿ. ಎಲ್ಲಾ ತಣ್ಣಗಾದ ಮ್ಯಾಲ ನಾನ ಫೋನ್ ಮಾಡ್ತೀನಿ."

ತಿಪ್ಪಕ್ಕ ಆಗಲಿ ಎಂದು ತಲೆ ಆಡಿಸಿದಳು. ಹಂಡೆಯ ನೀರನ್ನು ಬೇವಿನ ಗಿಡಕ್ಕೆ ಚೆಲ್ಲಿ, ಅದನ್ನು ಬೋರಲು ಹಾಕಿದಳು. ಕಂಪ್ಲಿಯಲ್ಲಿ ಅವಳಿಗೆ ಮನೆ ಇತ್ತು, ಬಾಗಿಲಿತ್ತು, ಗೋಡೆಯ ಈಚೆ ನಾನಿದ್ದೆ. ಎರೆಯಲು ಕೂಸಿರಲಿಲ್ಲ. ಇಲ್ಲಿಂದ ಹೋದರೆ ಆ ಹಂಡೆ ಮತ್ತೆ ಮೇಲಕ್ಕೆ ತಿರುಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವಳು ಸೀರೆ ಮಡಿಸತೊಡಗಿದಳು. ನೋಡಲಾರದೆ ನಾನು ಕೊಡ ಎತ್ತಿಕೊಂಡು ಟ್ಯಾಂಕರಿನ ಕಡೆ ನಡೆದೆ.

ಟ್ಯಾಂಕರಿನ ಸುತ್ತ ಹೆಂಗಸರ ಸಾಲು. ನನ್ನ ಗುರುತು ಯಾರಿಗೂ ಇರಲಿಲ್ಲ. ನಾನು ಸುಮ್ಮನೆ ನಿಂತು ಕೇಳಿಸಿಕೊಂಡೆ. ಮೊದಲು ಮಾಟದ ಮಾತೇ ನಡೆದಿತ್ತು. ಯಾರಿಗೋ ಕೈ ಉಳುಕಿದ್ದು, ಯಾರದೋ ಕೋಳಿ ಸತ್ತಿದ್ದು, ಎಲ್ಲವೂ ಆ ದಾರದ ತಲೆಗೆ ಬಂತು. ನನ್ನ ಮುಂದೆ ನಿಂತಿದ್ದ ಪಕೀರಮ್ಮ ಎಂಬವಳು ದುರ್ಗಾಳ ಪಕ್ಕದ ಶೆಡ್ಡಿನವಳಂತೆ. ಅವಳು ಹಾಗಲ್ಲ ಎಂದಳು.

"ಆಕಿ ಅಳೂದು ಮಾಟಕ್ಕಲ್ಲ. ಆ ಹಳೇ ದಾರ ಅವರವ್ವ ಹೊಸದಿದ್ದಂತ, ತನ್ನ ಸೀರಿ ಅಂಚಿನ ಎಳಿ ಸೇರ್ಸಿ. ಅವ್ವ ಸತ್ತಾಗ ಈಕಿಗೆ ಹೋಗಾಕ ಆಗಿಲ್ಲ, ಮಾರಿನೂ ನೋಡಿಲ್ಲ. ಅದೊಂದು ದಾರ ಇತ್ತು. ಎಲ್ಲೈತಿ ಅಂತ ಕೇಳಿದ್ರ ಆ ಮಕ್ಕಳ ಮನಿ ಮೇಡಂ, ಕಸದ ಗಾಡಿಗೆ ಹೋಗಿರಬೇಕು ಅಂದ್ರಂತ. ರಾತ್ರಿ ಉಂಡಿಲ್ಲ, ಇವತ್ತು ಕೆಲಸಕ್ಕೂ ಹೋಗಿಲ್ಲ."

ನನ್ನ ಪಾಳಿ ಬರುವ ಮೊದಲೇ ನಾನು ಖಾಲಿ ಕೊಡ ಎತ್ತಿಕೊಂಡು ಹಿಂದಿರುಗಿದೆ. ಶಿಲ್ಪಶ್ರೀ ಹೊಸಪೇಟೆಯ ಹುಡುಗಿ, ತನಗೆ ತಿಳಿದಂತೆ ಹೇಳಿದ್ದಳು. ಆದರೆ ನಾನು ಹೊಳೆ ದಂಡೆಯ ಮೇಲೆ ನಿಂತು ಮೊರದ ದಾರ ಹೋಗುವುದನ್ನು ನೋಡಿದವಳು. ತಿಪ್ಪಕ್ಕ ಬಟ್ಟೆಯ ಗಂಟಿನ ಮೇಲೆ ಕೂತಿದ್ದಳು.

"ತಿಪ್ಪಕ್ಕಾ, ಕೂಸುಗಳ ಹಳೇ ದಾರ ಏನ ಮಾಡಿದಿ?"

"ಏನ ಮಾಡ್ತಾರ? ಹೊಳಿಗೆ ಬಿಡಬೇಕು. ಈ ಊರಾಗ ಹೊಳಿ ಎಲ್ಲೈತಿ? ಊರಿಗೆ ಹೋದಾಗ ಬಿಟ್ರಾತು ಅಂತ ಡಬ್ಯಾಗ ಹಾಕೀನಿ."

ಗಂಟು ಬಿಚ್ಚಿಸಿದೆ. ಸೀರೆಗಳ ನಡುವೆ ಒಂದು ಬಿಸ್ಕತ್ತಿನ ಡಬ್ಬಿ. ಮುಚ್ಚಳ ತೆಗೆದರೆ ಅರಿಶಿನ ಹಚ್ಚಿದ ಬಟ್ಟೆಯ ಮೇಲೆ ಸುರುಳಿ ಸುರುಳಿಯಾಗಿ ದಾರಗಳು ಮಲಗಿದ್ದವು. ಟ್ಯಾಂಕರಿನ ಹತ್ತಿರ ಕೇಳಿದ್ದನ್ನು ನಾನು ಹೇಳಿದೆ. ತಿಪ್ಪಕ್ಕ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಚಪ್ಪಲಿ ಮೆಟ್ಟುವುದನ್ನೂ ಮರೆತು ಹೊರಟಳು. ಶಿಲ್ಪಶ್ರೀಯೂ ನಾನೂ ಹಿಂದೆ ನಡೆದೆವು.

ದುರ್ಗಾ ಶೆಡ್ಡಿನ ಬಾಗಿಲಲ್ಲಿ ಕೂಸನ್ನು ಹಾಕಿಕೊಂಡು ಕೂತಿದ್ದಳು. ನಮ್ಮನ್ನು ಕಂಡು ಮುಖ ತಿರುಗಿಸಿದಳು. ತಿಪ್ಪಕ್ಕ ಒಳಗೆ ಕರೆಯಲಿ ಎಂದು ಕಾಯಲಿಲ್ಲ, ಅಲ್ಲೇ ಮಣ್ಣಿನಲ್ಲಿ ಅವಳ ಎದುರು ಕೂತು ಡಬ್ಬಿಯನ್ನು ತನ್ನ ಮಡಿಲಲ್ಲಿ ಇಟ್ಟು ಮುಚ್ಚಳ ತೆಗೆದಳು.

"ಇದರಾಗ ನಿನ್ನ ಕೂಸಿಂದು ಯಾವುದು ನೋಡು ಮಗಳ."

ದುರ್ಗಾ ಮೊದಲು ನೋಡಲಿಲ್ಲ. ಆಮೇಲೆ ಕಣ್ಣಷ್ಟೇ ತಿರುಗಿಸಿದಳು. ಆಮೇಲೆ ಅವಳ ಬೆರಳುಗಳು ಡಬ್ಬಿಯೊಳಗೆ ಇಳಿದವು. ಕರಿದಾರಗಳ ನಡುವಿಂದ ಒಂದನ್ನು ಎತ್ತಿದಳು. ಅದರ ಹೊಸೆತದಲ್ಲಿ ಹಸಿರು ಎಳೆಯೊಂದು ಸುತ್ತಿಕೊಂಡು ಹೋಗಿತ್ತು, ಒಂದು ತುದಿಯ ಹತ್ತಿರ ಗಂಟು. ಆ ಗಂಟನ್ನು ತುಟಿಗೆ ಒತ್ತಿಕೊಂಡಳು.

"ಕಸದಾಗ ಹೋತು ಅಂದ್ರು."

"ಕೂಸಿನ ದಾರ ಯಾರನ ಕಸಕ್ಕ ಹಾಕ್ತಾರೇನವ್ವ? ಹೊಳಿಗೆ ಬಿಡಾಕ ಇಟ್ಟಿದ್ದೆ. ನಿನ್ನ ಕೇಳದ ಕತ್ತರಿ ಹಚ್ಚಿದ್ದು ನಂದ ತಪ್ಪು. ನಮ್ಮ ಓಣ್ಯಾಗ ಕೇಳೂ ರೂಢಿ ಇರಲಿಲ್ಲ, ಎಲ್ಲಾ ನಮ್ಮವ ಕೂಸು ಅಂತಿದ್ವಿ. ಇಲ್ಲೂ ಹಂಗ ಅಂದ್ಕಂಡೆ."

ದುರ್ಗಾ ಕೂಸಿನ ಅಂಗಿ ಸರಿಸಿ ಸೊಂಟದ ಕೆಂಪು ಗೆರೆಯ ಮೇಲೆ ಬೆರಳು ಆಡಿಸಿದಳು.

"ಬಿಗಿ ಆಗೇತಿ ಅಂತ ನನಗೂ ಗೊತ್ತಿತ್ತು" ಎಂದಳು. "ಅವ್ವ ಹಾಕಿದ ಗಂಟು. ಬಿಚ್ಚಾಕ ಕೈ ಬರಲಿಲ್ಲ."

ತಿಪ್ಪಕ್ಕ ಸೊಂಟದ ಚೀಲದಿಂದ ಕರಿದಾರದ ಉಂಡೆ ತೆಗೆದಳು. ಆ ಗಂಟನ್ನು ಹಾಗೇ ಬಿಟ್ಟು, ಕತ್ತರಿಸಿದ ತುದಿಗಳಿಗೆ ಹೊಸ ಎಳೆ ಕೂಡಿಸಿ, ಬೆರಳು ಒದ್ದೆ ಮಾಡಿಕೊಂಡು ತೊಡೆಯ ಮೇಲೆ ಹೊಸೆದಳು. ದಾರ ಉದ್ದವಾಯಿತು. ಎಲ್ಲಿ ಹಳೆಯದು ಮುಗಿದು ಎಲ್ಲಿ ಹೊಸದು ಹಿಡಿಯಿತು ಎನ್ನುವುದು ಹಸಿರು ಎಳೆ ನಿಂತ ಕಡೆ ಮಾತ್ರ ತಿಳಿಯುತ್ತಿತ್ತು. ಅದನ್ನು ದುರ್ಗಾಳ ಕೈಗೆ ಕೊಡಲು ಹೋದಳು. ದುರ್ಗಾ ತೆಗೆದುಕೊಳ್ಳಲಿಲ್ಲ. ಕೂಸನ್ನು ಎತ್ತಿ ತಿಪ್ಪಕ್ಕನ ಚಾಚಿದ ಕಾಲ ಮೇಲೆ ಹಾಕಿದಳು.

"ನೀನ ಕಟ್ಟು. ಸಡಿಲ ಕಟ್ಟು."

ಶಿಲ್ಪಶ್ರೀ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಪಕ್ಕದ ಶೆಡ್ಡಿನಿಂದ ಪಕೀರಮ್ಮ ಬಗ್ಗಿ ನೋಡುತ್ತಿದ್ದಳು. ಆ ಶೆಡ್ಡುಗಳ ಸಾಲಿನಲ್ಲಿ ಒಬ್ಬಳು ನೋಡಿದರೆ ಎಲ್ಲರೂ ನೋಡಿದ ಹಾಗೆ. ಮರುದಿನ ಬೆಳಿಗ್ಗೆ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಮೊದಲು ಬಂದವಳು ದುರ್ಗಾ. ಹಂಡೆಯ ಕೆಳಗೆ ಉರಿ ಹತ್ತುವಾಗ ನಾನು ಊರಿಗೆ ಹೊರಟೆ. ಒಬ್ಬಳೇ.

ಇದಾಗಿ ಕೆಲವು ವರ್ಷಗಳಾದವು. ಆ ಕಟ್ಟಡದ ಕೆಲಸ ಮುಗಿದು ದುರ್ಗಾ ಬೇರೆ ಊರಿಗೆ ಹೋದಳು. ಬೇರೆ ತಾಯಂದಿರು ಬಂದರು, ಬೇರೆ ಕೂಸುಗಳು. ತಿಪ್ಪಕ್ಕ ಈಗ ಕೇಳದೆ ದಾರಕ್ಕೆ ಕೈ ಹಚ್ಚುವುದಿಲ್ಲ. ಕೆಲವರು ಹಳೆಯ ದಾರವನ್ನು ತಾವೇ ಇಟ್ಟುಕೊಳ್ಳುತ್ತಾರೆ, ಕೆಲವರು ನಿಮ್ಮ ಹೊಳೆಗೇ ಬಿಡಜ್ಜಿ ಎಂದು ಕೊಡುತ್ತಾರೆ. ಡಬ್ಬಿಯಲ್ಲಿ ಅಷ್ಟಿಷ್ಟು ಕೂಡಿದಾಗ ಅವಳು ಕಂಪ್ಲಿಗೆ ಬರುತ್ತಾಳೆ. ನಾವಿಬ್ಬರೂ ಹೊಳೆಗೆ ಹೋಗುತ್ತೇವೆ. ನಡುಹೊಳೆಗೆ ಒಯ್ಯುವ ಹರಿಗೋಲು ಇಲ್ಲ. ಮೊಣಕಾಲು ನೀರಿನಲ್ಲಿ ನಿಂತು ಅವಳು ದಾರಗಳನ್ನು ಒಂದೊಂದಾಗಿ ಬಿಡುತ್ತಾಳೆ, ಬಿಡುವಾಗ ಆ ಕೂಸು ಈಗ ನಡೆಯುತ್ತದೆ, ಈ ಕೂಸಿಗೆ ಹಲ್ಲು ಬಂತು ಎಂದು ನನಗೆ ಹೇಳುತ್ತಾಳೆ. ಆಮೇಲೆ ಇಬ್ಬರೂ ನಡುಹೊಳೆಯ ಕಡೆ ನೋಡುತ್ತಾ ನಿಲ್ಲುತ್ತೇವೆ, ಗವಿಸಿದ್ದಪ್ಪ ತಿರುಗಿ ಬರುವುದನ್ನು ಕಾಯುತ್ತಿದ್ದ ಕಾಲದಂತೆ.

ಹೋದ ಸಲ ಬಂದಾಗ ಒಂದು ರಾತ್ರಿ ಇದ್ದು ಹೋಗು ಎಂದೆ. ಅವಳ ಮನೆಯನ್ನು ನಾನು ಗುಡಿಸಿ ಇಟ್ಟಿದ್ದೆ. ಅವಳು ಬಾಟಲಿಯಲ್ಲಿ ಹೊಳೆಯ ನೀರು ತುಂಬಿಕೊಳ್ಳುತ್ತಿದ್ದಳು. ಅಲ್ಲಿಯ ಉಪ್ಪು ನೀರಿನ ಹಂಡೆಗೆ ಇದರಲ್ಲಿ ಒಂದಿಷ್ಟು ಬೆರೆಸುತ್ತಾಳಂತೆ. ಬಿರಡೆ ಬಿಗಿದು, ಬಿಸಿಲು ಎಷ್ಟು ಇಳಿದಿದೆ ಎಂದು ನೋಡಿ, ಸೀರೆಯ ಒದ್ದೆ ಅಂಚು ಹಿಂಡಿಕೊಂಡಳು.

"ಜಲ್ದಿ ನಡಿ ಜಂಬಕ್ಕಾ, ಹೊಸಪೇಟಿ ಬಸ್ಸು ತಪ್ಪಿದ್ರ ಕಷ್ಟ. ಬೆಳಕಿರೂದ್ರಾಗ ಮನಿ ಸೇರಬೇಕು."

ಅವಳ ಮನೆಯ ಕೀಲಿ ನನ್ನ ಸೆರಗಿನ ತುದಿಯಲ್ಲೇ ಇತ್ತು. ನಾನು ಬಾಟಲಿಯ ಚೀಲ ಹಿಡಿದುಕೊಂಡು ಅವಳ ಹಿಂದೆ ದಂಡೆ ಹತ್ತಿದೆ.